ನಮ್ಮಲ್ಲಿಗೆ ಬಂದವರ ಊರಿಗೆ ನಾವು

ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹೊರಟ ಬಸ್ಸಿನಲ್ಲಿ ಕುಳಿತವರಿಗೆ ಹೇಮಗುಡ್ಡ ಬಂದುಹೋದದ್ದೇ ತಿಳಿಯದೆ ಇರಬಹುದು. ನವರಾತ್ರಿಯಲ್ಲಿ ಅಲ್ಲಿಯ ದುರ್ಗಾದೇವಿಯ ಉತ್ಸವಕ್ಕೆ ಸುತ್ತಲಿನ ಜನ ಕೂಡುತ್ತಾರೆ. ಉಳಿದ ದಿನಗಳಲ್ಲಿ ಗುಡ್ಡ, ಹಳೆಯ ಕೋಟೆಯ ಗೋಡೆ, ಗಾಳಿ, ಇಷ್ಟೇ. ಹೊಳೆಯಾಚೆ ಹಂಪಿಯಿದೆ, ಅಲ್ಲಿಗೆ ಜಗತ್ತೇ ಬರುತ್ತದೆ. ಆದರೆ ಹಂಪಿಗೆ ಬಂದ ಪರದೇಶದವರು ಹೇಮಗುಡ್ಡದವರೆಗೆ ಬರುವುದು ಅಪರೂಪ.

ಆ ಊರಿನ ಹಿರಿಯರೊಬ್ಬರು ಕಳೆದ ವರ್ಷ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರು. ಸೊಸೆಯೂ ಅಲ್ಲಿಯೇ ಕೆಲಸದಲ್ಲಿದ್ದಾಳೆ. ಒಂದು ಸಲ ದಂಪತಿಗಳಿಬ್ಬರೂ ಹೋಗಿ ಮೂರು ತಿಂಗಳು ಇದ್ದು ಬಂದಿದ್ದರು. ಈಗ ಮತ್ತೆ ಕರೆ ಬಂದಿತ್ತು.

"ಎರಡು ದಿನ ಪ್ಯಾರಿಸ್ ತೋರ್ಸಿದ್ರೀ, ಒಂದಿನ ಸ್ವಿಟ್ಜರ್ಲೆಂಡಿನ ಹಿಮ ತೋರ್ಸಿದ್ರು. ಉಳಿದ ದಿನಾ ಮೂರನೇ ಅಂತಸ್ತಿನ್ಯಾಗ ಕುಂತು ಕಿಟಕ್ಯಾಗಿಂದ ಟ್ರಾಮ್ ಎಣಿಸಿದ್ವಿ. ಹುಡುಗ್ರು ಮುಂಜಾನೆ ಹೋದ್ರ ಸಂಜಿಗೇ ಬರೋದು. ನಮ್ಮ ಮನಿಯಾಕಿ ಒಂದಿನ ಅತ್ತೇಬಿಟ್ಲು. ಈ ಸಲ ಹೋಗ್ಲೋ ಬ್ಯಾಡೋ ತಿಳೀವಲ್ದು ನೋಡ್ರಿ" ಎಂದರು.

ಇದು ಅವರೊಬ್ಬರ ಮಾತಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಂಥ ಊರುಗಳಿಂದಲೂ ಈಗ ಮಕ್ಕಳು ಜರ್ಮನಿಗೆ, ಐರ್ಲೆಂಡಿಗೆ, ನೆದರ್‌ಲೆಂಡ್ಸಿಗೆ ಹೋಗಿ ನೆಲೆಸಿದ್ದಾರೆ. ತಂದೆತಾಯಿಗಳು ವಿಮಾನ ಹತ್ತುತ್ತಾರೆ, ಭಾವಚಿತ್ರಗಳಲ್ಲಿ ನಗುತ್ತಾರೆ. ಮಗ ಪಾಪ ರಜೆ ಹಾಕಿ ತೋರಿಸುವುದು ಎಲ್ಲರೂ ನೋಡುವ ನಾಲ್ಕು ಸ್ಥಳಗಳನ್ನು. ಅಲ್ಲಿ ಸಾಲು ನಿಲ್ಲಬೇಕು, ಓಡಬೇಕು, ಗದ್ದಲದಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳದಂತೆ ಕೈಹಿಡಿದುಕೊಳ್ಳಬೇಕು. ಅದು ಮುಗಿದ ಮೇಲೆ ನಾಲ್ಕು ಗೋಡೆ. ಪರದೇಶವಾಸ ಎಂಬುದು ಹೀಗೆ ಅತಿಗದ್ದಲಕ್ಕೂ ಅತಿಮೌನಕ್ಕೂ ನಡುವೆ ಸಿಕ್ಕಿಬೀಳುತ್ತದೆ.

ನಾನು ಆ ಹಿರಿಯರಿಗೆ ಹೇಳಿದ್ದು ಇಷ್ಟು: ಹೋಗಿರಿ; ಆದರೆ ಈ ಸಲ ಸಣ್ಣ ಊರುಗಳಿಗೆ ಹೋಗಿರಿ. ಎರಡು ತಾಸು ರೈಲಿನಲ್ಲಿ ಕುಳಿತು, ಒಂದು ಊರಿನಲ್ಲಿ ಇಳಿದು, ಅಲ್ಲಿಯ ಕಟ್ಟೆಯ ಮೇಲೆ ಕುಳಿತು, ಸಂಜೆಗೆ ಮರಳಿ ಬರುವಂಥ ಊರುಗಳಿಗೆ. ಯೂರೋಪು ಎಂದರೆ ಪ್ಯಾರಿಸ್, ಲಂಡನ್, ರೋಮ್ ಅಷ್ಟೇ ಅಲ್ಲ. ಆ ಖಂಡದ ಹೆಚ್ಚಿನ ಜೀವನ ಸಾಗುತ್ತಿರುವುದು ನಮ್ಮ ಗಂಗಾವತಿಗಿಂತ ಚಿಕ್ಕದಾದ ಪಟ್ಟಣಗಳಲ್ಲಿ.

"ಅಂಥಾ ಊರು ಸಾವಿರ ಇರ್ತಾವ. ಯಾವ ಊರಿಗಂತ ಹೋಗೋದ್ರೀ?" ಎಂದು ಅವರು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ಊರುಗಳ ಪಟ್ಟಿಗಳಿಗೆ ಬರವಿಲ್ಲ. ಆದರೆ ನಮಗೆ ಸಂಬಂಧವೇ ಇಲ್ಲದ ಊರಿಗೆ ಹೋಗಿ ನಿಂತರೆ ಕಲ್ಲುಮಣ್ಣಿನ ಹೊರತು ಬೇರೇನೂ ಕಾಣುವುದಿಲ್ಲ. ಆದ್ದರಿಂದ ನಾನೊಂದು ಉಪಾಯ ಸೂಚಿಸಿದೆ. ಹಿಂದೆ ನಮ್ಮ ನಾಡಿಗೆ ಬಂದು ಇದ್ದು ಹೋದ ಯೂರೋಪಿನವರು ಅನೇಕರಿದ್ದಾರೆ. ಅವರು ಯಾವ ಊರಿನವರೋ ಆ ಊರಿಗೆ ಹೋಗಿ ಬರುವುದು. ಅವರಲ್ಲಿ ಬಹಳ ಮಂದಿ ಹೆಸರಿಲ್ಲದ ಸಣ್ಣ ಊರುಗಳಿಂದಲೇ ಬಂದವರು.

ಸ್ಟುಟ್‌ಗಾರ್ಟಿನಲ್ಲಿ ಇರುವವರಿಗೆ ಮೊದಲನೆಯ ಊರು ದೂರವಿಲ್ಲ. ರೈಲಿನಲ್ಲಿ ಒಂದು ತಾಸಿನ ಹಾದಿ ಟ್ಯೂಬಿಂಗನ್. ನೆಕ್ಕರ್ ನದಿಯ ದಂಡೆಯ ಮೇಲೆ 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವುಳ್ಳ ಪಟ್ಟಣ. ಇಳಿಜಾರು ಬೀದಿಗಳು, ಮರದ ಚೌಕಟ್ಟಿನ ಹಳೆಯ ಮನೆಗಳು. ನದಿಯಲ್ಲಿ ಉದ್ದನೆಯ ದೋಣಿಗಳನ್ನು ಗಳ ಊರಿ ನೂಕಿಕೊಂಡು ಹೋಗುತ್ತಾರೆ. ನಮ್ಮ ಹರಿಗೋಲಿನಂತೆ ಅದು ಸುತ್ತುವುದಿಲ್ಲ, ನೇರ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಈ ಊರಿನಲ್ಲಿಯೇ ರೆವರೆಂಡ್ ಫರ್ಡಿನೆಂಡ್ ಕಿಟೆಲ್ಲರು 1903ರಲ್ಲಿ ಕಣ್ಣು ಮುಚ್ಚಿದರು. 1853ರಲ್ಲಿ ನಮ್ಮ ದೇಶಕ್ಕೆ ಬಂದು, ಕನ್ನಡವನ್ನು ಕಲಿತು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಮಹನೀಯರು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಮೊದಲು, 1858ರಲ್ಲಿ, ಅದೇ ವಿಶ್ವವಿದ್ಯಾಲಯ ಹರ್ಮನ್ ಮೋಗ್ಲಿಂಗರನ್ನು ಗೌರವಿಸಿತ್ತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರು ಮೋಗ್ಲಿಂಗರು. ಅವರು ಹುಟ್ಟಿದ್ದು ಬ್ರಾಕೆನ್‌ಹೈಮ್ ಎಂಬ ಇನ್ನೂ ಸಣ್ಣ ಊರಿನಲ್ಲಿ. ಅದೂ ಸ್ಟುಟ್‌ಗಾರ್ಟಿಗೆ ಉತ್ತರದಲ್ಲಿ, ಹೈಲ್‌ಬ್ರಾನ್ ಪಟ್ಟಣದ ಆಸುಪಾಸಿನಲ್ಲಿಯೇ ಇದೆ. ಸುತ್ತ ದ್ರಾಕ್ಷಿ ತೋಟಗಳು. ಕುಷ್ಟಗಿ ಕಡೆಯ ದ್ರಾಕ್ಷಿ ಬೆಳೆಗಾರರು ಅಲ್ಲಿ ಹೋದರೆ ಬಳ್ಳಿ ಕಟ್ಟುವ ರೀತಿ ನೋಡಿಕೊಂಡೇ ಅರ್ಧ ದಿನ ಕಳೆಯಬಹುದು.

ಎರಡನೆಯ ಊರಿಗೆ ಇಟಲಿಗೆ ಹೋಗಬೇಕು. ಹದಿನೈದನೆಯ ಶತಮಾನದ ಆದಿಯಲ್ಲಿ, ಸುಮಾರು 1420ರಲ್ಲಿ, ವಿಜಯನಗರವನ್ನು ಕಂಡು ಅದರ ವೃತ್ತಾಂತ ಉಳಿಸಿದ ಯೂರೋಪಿಯನರಲ್ಲಿ ನಿಕೊಲೊ ಕೊಂತಿ ಮೊದಲಿಗನೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ವೆನಿಸ್ಸಿನ ವರ್ತಕನೆಂದು ಪುಸ್ತಕಗಳು ಹೇಳುತ್ತವೆ. ನಿಜವಾಗಿ ಅವನ ಊರು ವೆನಿಸ್ ಅಲ್ಲ, ಅದೇ ಹಿನ್ನೀರಿನ ದಕ್ಷಿಣ ತುದಿಯಲ್ಲಿರುವ ಕಿಯೋಜಾ ಎಂಬ ಮೀನುಗಾರರ ಪಟ್ಟಣ.

ಕೊಂತಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಪರದೇಶವಾಸದ ಕಷ್ಟಸುಖಗಳೆಲ್ಲ ಅದರಲ್ಲಿವೆ. ತರುಣನಾಗಿ ಮನೆ ಬಿಟ್ಟವನು ಡಮಾಸ್ಕಸ್ಸಿನಲ್ಲಿ ಅರಬ್ಬಿ ಭಾಷೆ ಕಲಿತ; ಬಸ್ರಾ, ಖಂಬಾತುಗಳ ಮೇಲೆ ನಮ್ಮ ಕರಾವಳಿಗೆ ಬಂದ; ಅಲ್ಲಿಂದ ಒಳನಾಡಿಗೆ ಬಂದು ವಿಜಯನಗರವನ್ನು ಕಂಡ. ಅಲ್ಲಿಂದ ಬರ್ಮಾ, ಜಾವಾಗಳವರೆಗೆ ಹೋದ. ಹಡಗು ಹಡಗಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ತಿರುಗಿದ. ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ತಾಯ್ನಾಡಿಗೆ ಮರಳುವಾಗ ಈಜಿಪ್ಟಿನಲ್ಲಿ ಪ್ಲೇಗಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ದಾರಿಯಲ್ಲಿ ಜೀವ ಉಳಿಸಿಕೊಳ್ಳಲು ಧರ್ಮ ಬಿಟ್ಟಿದ್ದನಾದ್ದರಿಂದ ಪೋಪರಲ್ಲಿ ಕ್ಷಮೆ ಬೇಡಿದ. ಕಂಡದ್ದೆಲ್ಲವನ್ನೂ ಸತ್ಯವಾಗಿ ಹೇಳುವುದೇ ಅದಕ್ಕೆ ಪ್ರಾಯಶ್ಚಿತ್ತವೆಂದು ವಿಧಿಸಿದರೆಂಬ ಮಾತುಂಟು. ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟ. ಅರವತ್ತು ಮೈಲಿ ಸುತ್ತಳತೆಯ ನಗರ, ಬೆಟ್ಟಗಳ ಬುಡಕ್ಕೆ ಹೋಗಿ ಸೇರುವ ಗೋಡೆಗಳು, ಸಾಲುಸಾಲಾಗಿ ದೀಪ ಹಚ್ಚುವ ಹಬ್ಬ, ದಾರಿಹೋಕರ ಮೇಲೆ, ಕೊನೆಗೆ ರಾಜನ ಮೇಲೂ, ಕೇಸರಿ ನೀರು ಎರಚುವ ಹಬ್ಬ, ಇವೆಲ್ಲ ಅದರಲ್ಲಿವೆ. ಗಂಗಾವತಿಯ ಓಣಿಗಳಲ್ಲಿ ಹೋಳಿಯ ಬಣ್ಣ ಮೈಮೇಲೆ ಬಿದ್ದವರು ಆ ಸಾಲುಗಳನ್ನು ಓದಿದರೆ ಆರುನೂರು ವರ್ಷ ಏನೂ ಅಲ್ಲವೆನಿಸೀತು.

ಇಂದಿನ ಕಿಯೋಜಾ ಸುಮಾರು ಐವತ್ತು ಸಾವಿರ ಜನರ ಊರು. ವೆನಿಸ್ಸಿನಲ್ಲಿರುವಂತೆ ಇಲ್ಲಿಯೂ ಕಾಲುವೆಗಳಿವೆ, ಕಮಾನು ಸೇತುವೆಗಳಿವೆ. ಆದರೆ ಕಾಲುವೆಯಲ್ಲಿ ನಿಂತಿರುವುದು ಪ್ರವಾಸಿಗರ ದೋಣಿಗಿಂತ ಹೆಚ್ಚಾಗಿ ಮೀನು ಹಿಡಿಯುವ ದೋಣಿ. ಮನೆಯಿಂದ ಎದುರು ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಗುರುವಾರ ದೊಡ್ಡ ಬೀದಿಯುದ್ದಕ್ಕೂ ಸಂತೆ. ವೆನಿಸ್ಸಿನ ಪಾಡು ಬೇರೆ. ಅದರ ಹಳೆಯ ನಗರದಲ್ಲಿ ಈಗ ಐವತ್ತು ಸಾವಿರಕ್ಕಿಂತ ಕಡಿಮೆ ಜನ ವಾಸವಿದ್ದಾರೆ. ಬಾಡಿಗೆ ಏರಿ, ಮನೆಗಳೆಲ್ಲ ಪ್ರವಾಸಿಗರ ವಸತಿಗಳಾಗಿ, ಊರವರೇ ಊರು ಬಿಟ್ಟರು. 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ ಹಗಲು ಬಂದು ಹೋಗುವವರಿಂದ ಅಲ್ಲಿಯ ನಗರಸಭೆ 5 ಯೂರೋ ಪ್ರವೇಶ ಶುಲ್ಕ ತೆಗೆದುಕೊಳ್ಳತೊಡಗಿತು. ಊರಿಗೆ ಬರಲು ಟಿಕೆಟ್ಟು! ಕಿಯೋಜಾಕ್ಕೆ ವೆನಿಸ್ಸಿನಿಂದ ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ತಾಸು. ರೊವೀಗೊ ಎಂಬಲ್ಲಿಂದ ಸಣ್ಣ ರೈಲೂ ಉಂಟು.

ಮೀನಿನ ಊರಿನಲ್ಲಿ ಶಾಕಾಹಾರಿಗಳ ಗತಿಯೇನೆಂದು ಹೆದರಬೇಕಾಗಿಲ್ಲ. ಕಿಯೋಜಾ ಸಮುದ್ರಕ್ಕೆ ಎಷ್ಟು ಹೆಸರಾಗಿದೆಯೋ ಕಾಯಿಪಲ್ಲೆಗೂ ಅಷ್ಟೇ ಹೆಸರಾಗಿದೆ. ಕೊಯ್ದರೆ ಬಿಳಿ-ಕೆಂಪು ಬಳೆಗಳಂತೆ ಕಾಣುವ ಬೀಟ್‌ರೂಟಿನ ಒಂದು ತಳಿಗೂ, ಗಂಟುಗಂಟು ತೊಗಟೆಯ ಒಂದು ಕುಂಬಳಕ್ಕೂ ಈ ಊರಿನದೇ ಹೆಸರು.

ಮೂರನೆಯ ಊರು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದನ್ನು ಹೇಳುವ ಮುನ್ನ 1565ಕ್ಕೆ ಹೋಗಬೇಕು. ಆ ವರ್ಷದ ಯುದ್ಧದಲ್ಲಿ ವಿಜಯನಗರ ಬಿದ್ದಿತು, ಸೂರೆಯಾಯಿತು. ಆ ಮೇಲೆ ಅಲ್ಲಿಗೆ ಯಾರು ಬಂದಾರು? ಒಬ್ಬ ಬಂದ. 1567ರಲ್ಲಿ ಗೋವೆಯಿಂದ ಅರಬ್ಬಿ ಕುದುರೆಗಳ ವ್ಯಾಪಾರಿಗಳೊಡನೆ ಚೇಸರೆ ಫೆಡೆರೀಚಿ ಎಂಬ ಇಟಲಿಯವನು ಬಂದು ಏಳು ತಿಂಗಳು ಇದ್ದ. ನಮ್ಮ ಪುಸ್ತಕಗಳಲ್ಲಿ ಇವನಿಗೆ ಸೀಸರ್ ಫ್ರೆಡರಿಕ್ ಎಂದು ಹೆಸರು. ಅವನ ಕೆಲಸ ಒಂದು ತಿಂಗಳಿನದು. ದಾರಿಗಳಲ್ಲಿ ಕಳ್ಳರ ಕಾಟವಿದ್ದುದರಿಂದ ಹೊರಡಲಾಗದೆ ಉಳಿದ. ಮನೆಗಳು ನಿಂತಿವೆ, ಒಳಗೆ ಜನರಿಲ್ಲ, ಹುಲಿ ಮೊದಲಾದ ಕಾಡುಮೃಗಗಳು ವಾಸವಾಗಿವೆಯೆಂದು ಹೇಳುತ್ತಾರೆ, ಎಂದು ಬರೆದ. ವೈಭವದ ಕಾಲದಲ್ಲಿ ಬಂದವರು ಹಲವರು. ಪಾಳುಬಿದ್ದ ಮೇಲೆ ಬಂದು ನೋಡಿ, ಇದ್ದು, ಬರೆದಿಟ್ಟವನು ಇವನು. ಪರದೇಶದಲ್ಲಿ ಹದಿನೆಂಟು ವರ್ಷ ಕಳೆದು 1581ರಲ್ಲಿ ಊರು ಸೇರಿದ; 1587ರಲ್ಲಿ ವೆನಿಸ್ಸಿನಲ್ಲಿ ಪುಸ್ತಕ ಅಚ್ಚಾಯಿತು.

ಇವನ ಊರು ಎರ್ಬಾನ್ನೊ, ಆಲ್ಪ್ಸ್ ಪರ್ವತದ ಮಡಿಲಿನ ವಾಲ್ ಕಮೋನಿಕಾ ಎಂಬ ಕಣಿವೆಯ ಹಳ್ಳಿ. ಮ್ಯೂನಿಕ್ಕಿನಿಂದ ಆಲ್ಪ್ಸ್ ದಾಟಿ ಬರುವ ರೈಲು ವೆರೋನಾ ಪಟ್ಟಣ ಮುಟ್ಟಿಸುತ್ತದೆ, ಅಲ್ಲಿಂದ ಬ್ರೆಶಾ, ಬ್ರೆಶಾದಿಂದ ಇಸೇಯೊ ಸರೋವರದ ದಂಡೆಗುಂಟ ನಿಧಾನವಾಗಿ ಏರುವ ಸಣ್ಣ ರೈಲು. ಕಿಟಕಿಯ ಪಕ್ಕದಲ್ಲಿ ಕುಳಿತವರು ಏಳುವುದೇ ಇಲ್ಲ. ಸರೋವರದ ನಡುವೆ ಮೊಂತೆ ಈಸೊಲಾ ಎಂಬ ನಡುಗಡ್ಡೆಯಿದೆ. ಅಲ್ಲಿ ಪ್ರವಾಸಿಗರ ಮೋಟಾರು ಕಾರಿಗೆ ಪ್ರವೇಶವಿಲ್ಲ. ಹಿಂದಿನಿಂದಲೂ ಬಲೆ ಹೆಣೆಯುವುದಕ್ಕೆ ಹೆಸರಾದ ಜನ.

ಆದರೆ ಆ ಕಣಿವೆಯ ನಿಜವಾದ ಸಂಪತ್ತು ಕಲ್ಲಿನ ಮೇಲಿದೆ. ಹಿಮನದಿ ಉಜ್ಜಿ ನುಣುಪು ಮಾಡಿದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಜನ ಜಿಂಕೆ, ಬೇಟೆಗಾರ, ನೇಗಿಲು ಹೂಡಿದ ಎತ್ತು, ಮನೆ, ಕಾಳಗ ಎಲ್ಲವನ್ನೂ ಕೊರೆದಿದ್ದಾರೆ. ಎಣಿಸಿದ ಚಿತ್ರಗಳೇ 1,40,000ಕ್ಕೂ ಹೆಚ್ಚು. ಇಟಲಿಯಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಮೊಟ್ಟಮೊದಲು, 1979ರಲ್ಲಿ, ಸೇರಿದ್ದು ರೋಮ್ ಅಲ್ಲ, ವೆನಿಸ್ ಅಲ್ಲ, ಈ ಬಂಡೆಗಳು. ಕಾಪೊ ದಿ ಪೊಂತೆ ಎಂಬ ನಿಲ್ದಾಣದಲ್ಲಿ ಇಳಿದರೆ ಗುಡ್ಡದ ಮೇಲೆ ನಾಕ್ವಾನೆ ಎಂಬ ಉದ್ಯಾನದಲ್ಲಿ ಅವುಗಳನ್ನು ನೋಡಬಹುದು.

ಇದನ್ನು ಕೇಳಿದೊಡನೆ ನಮ್ಮ ಹಿರಿಯರು, "ಅಲ್ರೀ, ಇದು ಹಿರೇಬೆಣಕಲ್ಲಿನ ಮೋರೇರ ಗುಡ್ಡದಂಗ ಆತಲ್ಲ!" ಎಂದರು. ಹೌದು, ಅದೇ ಮಾತು. ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಸುಮಾರು ನಾನೂರು ಶಿಲಾಸಮಾಧಿಗಳಿವೆ, ಹತ್ತಿರದಲ್ಲಿಯೇ ಕೆಂಪು ಬಣ್ಣದ ಗವಿಚಿತ್ರಗಳಿವೆ. 2021ರಲ್ಲಿ ಅದು ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು. ಫೆಡೆರೀಚಿ ಕಲ್ಲಿನ ಚಿತ್ರಗಳ ಕಣಿವೆಯಿಂದ ಹೊರಟು ಕಲ್ಲಿನ ಚಿತ್ರಗಳ ಗುಡ್ಡಗಳ ಸೀಮೆಗೆ ಬಂದಿದ್ದನೆಂಬುದು ಅವನಿಗೇ ತಿಳಿದಿರಲಾರದು.

ಪೋರ್ಚುಗಲ್ಲಿಗೆ ಹೋಗುವ ಅನುಕೂಲವುಳ್ಳವರು ಲಿಸ್ಬನ್ನಿನಿಂದ ಒಂದೂವರೆ ತಾಸಿನ ಎವೊರ ಪಟ್ಟಣವನ್ನು ನೋಡಬಹುದು. ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 1986ನೆಯ ವರ್ಷವೇ ಎವೊರವೂ ಸೇರಿತು. ಊರ ಹೊರಗೆ ಕಾರ್ಕ್ ಮರಗಳ ನಡುವೆ ನಿಲ್ಲಿಸುಗಲ್ಲುಗಳ ದೊಡ್ಡ ವೃತ್ತವಿದೆ. ನಮ್ಮ ರಾಯರ ಕಾಲವನ್ನು ಬರೆದ ಪಾಯೆಸ್, ನೂನಿಜ್ ಇಬ್ಬರೂ ಪೋರ್ಚುಗೀಸರು. ಅವರ ಬರಹಗಳು ಶತಮಾನಗಳ ಕಾಲ ಅಜ್ಞಾತವಾಗಿದ್ದು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. ಎವೊರ 2027ರ ಯೂರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲಿ ಒಂದು. ಆದ್ದರಿಂದ ಆ ವರ್ಷದ ಮಟ್ಟಿಗೆ ಅದನ್ನು ಸದ್ದಿಲ್ಲದ ಊರೆಂದು ಹೇಳುವ ಧೈರ್ಯ ನನಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಸದ್ದಿಲ್ಲದ ಊರಿಗೆ ಅತಿಥಿ ಹೋದರೆ ಆ ಊರಿಗೆ ಏನಾಗುತ್ತದೆ? ಇದಕ್ಕೆ ಯೂರೋಪಿಗೆ ಹೋಗಿ ಉತ್ತರ ಹುಡುಕಬೇಕಾಗಿಲ್ಲ. ನಮ್ಮ ಹೊಳೆದಂಡೆಯೇ ಸಾಕು.

ಹಂಪಿಯ ಗದ್ದಲ ಬೇಡವೆನ್ನುವ ಯೂರೋಪಿಯನರೂ ಇಸ್ರೇಲಿನವರೂ ಹೊಳೆ ದಾಟಿ ನಮ್ಮ ದಂಡೆಗೆ ಬರತೊಡಗಿದರು. ವಿರೂಪಾಪುರಗಡ್ಡೆಯಲ್ಲಿ ನೆಲ್ಲಿನ ಗದ್ದೆಗಳ ಅಂಚಿಗೆ ಗುಡಿಸಲುಗಳೆದ್ದವು. ಬಂಡೆ ಹತ್ತುವವರು, ಕಟ್ಟೆಯ ಮೇಲೆ ಕುಳಿತು ಸೂರ್ಯಾಸ್ತ ನೋಡುವವರು ತಿಂಗಳುಗಟ್ಟಲೆ ಇದ್ದರು. ಅವರು ಮಾಡುತ್ತಿದ್ದುದು ನಾನು ಹೇಮಗುಡ್ಡದ ಹಿರಿಯರಿಗೆ ಹೇಳಿದ್ದನ್ನೇ: ಹೆಸರಾದ ಊರನ್ನು ಬಿಟ್ಟು ಪಕ್ಕದ ಸಣ್ಣ ಊರಿನಲ್ಲಿ ಇರುವುದು. ಒಬ್ಬರಾದ ಮೇಲೆ ಒಬ್ಬರು ಬಂದರು. ಗುಡಿಸಲುಗಳು ಹೋಟೆಲುಗಳಾದವು, ಸದ್ದಿಗೆ ಹೆದರಿ ಬಂದವರಿಂದಲೇ ಸದ್ದು ಹುಟ್ಟಿತು. ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದವೆಂದು ವ್ಯಾಜ್ಯವಾಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೆರವನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದು ನೆಲಸಮ ಮಾಡಿದವು. ನಿಯಮ ನಿಯಮವೇ, ಸರಿ. ಆದರೆ ಅಡುಗೆಯವರು, ಹರಿಗೋಲಿನವರು, ಬಟ್ಟೆ ಒಗೆಯುವವರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡದ್ದೂ ನಿಜವೇ. ಆನೆಗುಂದಿಯಲ್ಲಿ ನಡೆದದ್ದು ಬೇರೆ ರೀತಿ. ಅಲ್ಲಿ ಊರವರ ಹಳೆಯ ಮನೆಗಳಲ್ಲಿಯೇ ಅತಿಥಿಗಳಿಗೆ ಇಳಿದುಕೊಳ್ಳಲು ಸ್ಥಳ ಮಾಡಿಕೊಟ್ಟರು, ಬಾಳೆಯ ನಾರಿನಿಂದ ಬುಟ್ಟಿ ಹೆಣೆಯುವ ಕೆಲಸ ಹೆಣ್ಣುಮಕ್ಕಳ ಕೈಗೆ ಬಂತು. ಅದು ಸಣ್ಣದಾಗಿಯೇ ಉಳಿದದ್ದರಿಂದ ಉಳಿಯಿತೆಂದು ನನ್ನ ಅಭಿಪ್ರಾಯ.

ಇನ್ನು 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆಯ ಬಳಿ ನಡೆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಇಸ್ರೇಲಿನಿಂದ ಬಂದ ಒಬ್ಬ ಹೆಣ್ಣುಮಗಳ ಮೇಲೂ, ಪ್ರವಾಸಿಗರಿಗೆ ವಸತಿ ನಡೆಸುತ್ತಿದ್ದ ಹೆಣ್ಣುಮಗಳ ಮೇಲೂ ಅತ್ಯಾಚಾರ ನಡೆಯಿತು; ಜೊತೆಯಲ್ಲಿದ್ದವರನ್ನು ಕಾಲುವೆಗೆ ನೂಕಲಾಯಿತು; ಒಡಿಶಾದಿಂದ ಬಂದಿದ್ದ ತರುಣ ಪ್ರಾಣ ಕಳೆದುಕೊಂಡ. ನಕ್ಷತ್ರ ನೋಡಲು ಕುಳಿತಿದ್ದವರು ಅವರು. ಇದೇ ಸೀಮೆಯಲ್ಲಿ, ಹೇಮಗುಡ್ಡಕ್ಕೆ ದೂರವಲ್ಲದ ಕುಮ್ಮಟದುರ್ಗದಲ್ಲಿ, 1327ರಲ್ಲಿ ಕಂಪಿಲರಾಯನು ದೆಹಲಿಯ ಸುಲ್ತಾನನಿಗೆ ತಿರುಗಿಬಿದ್ದು ಓಡಿಬಂದ ಬಹಾವುದ್ದೀನನಿಗೆ ಆಶ್ರಯ ಕೊಟ್ಟ. ಒಪ್ಪಿಸೆಂದರೆ ಒಪ್ಪಿಸಲಿಲ್ಲ, ಸೋಲು ಖಚಿತವಾದಾಗ ಅತಿಥಿಯನ್ನು ಇನ್ನೊಬ್ಬ ರಾಜನ ಕಡೆಗೆ ಸುರಕ್ಷಿತವಾಗಿ ಕಳಿಸಿ, ತಾನು ಕಾದಾಡಿ ಸತ್ತ. ಕುಮಾರರಾಮನ ಕಥೆ ಹಾಡುವ ನಮ್ಮವರಿಗಷ್ಟೇ ಅಲ್ಲ, ಮೊರಾಕ್ಕೊದಿಂದ ಬಂದ ಇಬನ್ ಬತೂತನಿಗೂ ಈ ಕಂಪಿಲನ ಸಂಗತಿ ತಿಳಿದಿತ್ತು. ಅವನು ಅದನ್ನು ಬರೆದಿಟ್ಟಿದ್ದಾನೆ. ಎರಡೂ ಒಂದೇ ಸೀಮೆಯ ಸಂಗತಿಗಳು.

ಈಗ ಹೊರಡುವವರಿಗೆ ಬೇಕಾದ ವ್ಯವಹಾರದ ಮಾತು. ಯೂರೋಪಿನ 29 ದೇಶಗಳಿಗೆ ಷೆಂಗೆನ್ ಎಂಬ ಒಂದೇ ವೀಸಾ ಸಾಕು. ಜರ್ಮನಿಯ ಮಗನ ಮನೆಗೆಂದು ಪಡೆದ ಆ ವೀಸಾದಲ್ಲಿಯೇ, ಅದರ ಅವಧಿಯೊಳಗೆ, ಇಟಲಿಗೂ ಪೋರ್ಚುಗಲ್ಲಿಗೂ ಹೋಗಿ ಬರಬಹುದು. ಐರ್ಲೆಂಡೂ ಬ್ರಿಟನ್ನೂ ಇದಕ್ಕೆ ಸೇರಿಲ್ಲ. ಅವಕ್ಕೆ ಬೇರೆ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಎಣಿಕೆ ತಪ್ಪಿದರೆ ಮುಂದಿನ ಸಲ ಬಾಗಿಲು ಮುಚ್ಚೀತು. ಪಂಚಾಂಗದ ಮೇಲೆ ಗುರುತು ಹಾಕಿಕೊಂಡು ಎಣಿಸಿರಿ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಕಡೆಯ ಪಕ್ಷ ಹದಿನೈದು ದಿನ ಮೊದಲೇ ಹಾಕಿರಬೇಕು. ನಿಜವಾಗಿ ಎರಡು ತಿಂಗಳು ಮೊದಲೇ ಹಾಕುವುದು ಲೇಸು. ಶುಲ್ಕ 2024ರ ಜೂನಿನಿಂದ 90 ಯೂರೋ. ಕನಿಷ್ಠ 30,000 ಯೂರೋ ವೆಚ್ಚ ತುಂಬುವ ವೈದ್ಯಕೀಯ ವಿಮೆ ಕಡ್ಡಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವಿಮೆಯ ಕಾಗದದಲ್ಲಿ ಹಳೆಯ ಕಾಯಿಲೆಗೆ ಏನು ಬರೆದಿದೆ ಎಂಬುದನ್ನು ಮಗನ ಕೈಯಲ್ಲಿ ಓದಿಸಿಕೊಳ್ಳದೆ ರುಜು ಹಾಕಬಾರದು. ಮಾತ್ರೆಗಳನ್ನು ವೈದ್ಯರ ಚೀಟಿಯ ಸಹಿತ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ.

ಜರ್ಮನಿಯೊಳಗೆ ತಿರುಗಾಡಲು 2023ರ ಮೇ ತಿಂಗಳಿನಿಂದ ಒಂದು ಮಾಸಿಕ ಟಿಕೆಟ್ಟು ಬಂದಿದೆ. ಮೊದಲು 49 ಯೂರೋ ಇತ್ತು, ಆಮೇಲೆ ಏರಿದೆ. ವೇಗದ ರೈಲುಗಳನ್ನು ಬಿಟ್ಟು ದೇಶದ ಊರೂರಿಗೆ ಹೋಗುವ ರೈಲು, ಬಸ್ಸು, ಟ್ರಾಮುಗಳಲ್ಲೆಲ್ಲ ಅದು ನಡೆಯುತ್ತದೆ. ಮನೆಯಲ್ಲಿ ಕುಳಿತು ಟ್ರಾಮ್ ಎಣಿಸುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ. ಮೊದಲ ಎರಡು ಸಲ ಮಗ ಜೊತೆಗೆ ಬರಲಿ. ಮೂರನೆಯ ಸಲ ನೀವೇ ಹೋಗಿ ಬರುತ್ತೀರಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ; ಇಟಲಿಯ ಸಣ್ಣ ಊರುಗಳಲ್ಲಿ ಮಧ್ಯಾಹ್ನ ಎಲ್ಲರೂ ಕದ ಹಾಕಿ ಮಲಗುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗುವುದು ಜಾಣತನ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಯಾವ ದೇಶದ ಹವೆಗೂ ಕೆಡುವುದಿಲ್ಲ. ಅಲ್ಲಿಯದನ್ನೇ ತಿನ್ನಬೇಕೆಂದರೆ ಇಟಲಿಯ ಬೆಟ್ಟಗಳಲ್ಲಿ ಪೊಲೆಂತಾ ಸಿಗುತ್ತದೆ. ಮೆಕ್ಕೆಜೋಳದ ಸಂಗಟಿಯೇ ಅದು. ಗಟ್ಟಿಯಾದ ಇಟಲಿಯ ಗಿಣ್ಣಿನ ಕೆಲವು ಬಗೆಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ದ್ರವದಿಂದ ಹೆಪ್ಪು ಹಾಕುತ್ತಾರೆಂಬುದು ಕಟ್ಟುನಿಟ್ಟಿನವರಿಗೆ ತಿಳಿದಿರಲಿ. ಬೇಡವೆನ್ನಲು ಜರ್ಮನಿಯಲ್ಲಿ 'ಓನೆ ಫ್ಲೈಶ್, ಓನೆ ಫಿಶ್', ಇಟಲಿಯಲ್ಲಿ 'ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ' ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂದು ಅರ್ಥ.

ಇಳಿದುಕೊಳ್ಳುವುದಾದರೆ ಊರವರೇ ನಡೆಸುವ ಮನೆಯಲ್ಲಿ ಇಳಿದುಕೊಳ್ಳಿರಿ, ಕೊಳ್ಳುವುದಾದರೆ ಆ ಬೀದಿಯ ಅಂಗಡಿಯಲ್ಲಿ ಕೊಳ್ಳಿರಿ. ರಾತ್ರಿ ಹತ್ತರ ಮೇಲೆ ಜರ್ಮನಿಯ ಮನೆಗಳಲ್ಲಿ ದೊಡ್ಡ ದನಿಯಲ್ಲಿ ಮಾತನಾಡಬಾರದು. ಫೋನಿನಲ್ಲಿ ಗಂಗಾವತಿಗೆ ಮಾತನಾಡುವಾಗ ನಮ್ಮ ದನಿ ತಾನಾಗಿಯೇ ಏರುವುದುಂಟು, ದೂರ ಹೆಚ್ಚಲ್ಲವೆ!

ಹೇಮಗುಡ್ಡದ ದಂಪತಿಗಳು ಹೋಗಿ ಬಂದರು. ಟ್ಯೂಬಿಂಗನ್ನಿಗೆ ಆರು ಸಲ ಹೋದರಂತೆ. ಕೊನೆಯ ಎರಡು ಸಲ ಇಬ್ಬರೇ. ಮಗ ಒಂದು ವಾರ ರಜೆ ಹಾಕಿ ಕಲ್ಲಿನ ಕಣಿವೆಯನ್ನು ತೋರಿಸಿದ. ಎರ್ಬಾನ್ನೊದಲ್ಲಿ ಚರ್ಚಿನ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಇವರ ಹೆಂಡತಿಯ ಇಳಕಲ್ ಸೀರೆಯ ಸೆರಗು ಹಿಡಿದು ನೋಡಿ, ಎಲ್ಲಿಂದ ಬಂದಿರೆಂದು ಸನ್ನೆಯಲ್ಲಿ ಕೇಳಿದಳು. ಮಗ ಫೋನಿನಲ್ಲಿ ನಕ್ಷೆ ತೆಗೆದ. ಹಂಪಿ ಕೂಡಲೇ ಸಿಕ್ಕಿತು. ಹೇಮಗುಡ್ಡ ಕಾಣಲು ನಕ್ಷೆಯನ್ನು ಮತ್ತೆ ಮತ್ತೆ ಹಿಗ್ಗಿಸಬೇಕಾಯಿತಂತೆ. ಆಮೇಲೆ ಆಕೆ ಒಳಗೆ ಹೋಗಿ ಒಂದು ತಟ್ಟೆ ಅಕ್ರೋಟು ತಂದಿಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಸಂಜೆಯ ರೈಲಿನ ಹೊತ್ತಿನವರೆಗೆ ಅಲ್ಲಿಯೇ ಕುಳಿತಿದ್ದರಂತೆ.

ಕಿಯೋಜಾಕ್ಕೆ ಹೋಗಲಾಗಲಿಲ್ಲ, ಆ ದಿನ ರೈಲು ನೌಕರರ ಮುಷ್ಕರ. ಮುಂದಿನ ಸಲ ಗುರುವಾರ ನೋಡಿಕೊಂಡು ಹೋಗುವವರಿದ್ದಾರೆ.